ತೂಕ ಇಳಿಸಲು ಸ್ಲೀವ್ ಆಪರೇಷನ್ ಮಾಡಿಸಿ ಎಂಟು ತಿಂಗಳಾಯ್ತು, ಮತ್ತೆ ಹಸಿವು ಶುರುವಾಗಿದೆ. ಏನು ಮಾಡಲಿ?

ಗಾಬರಿ ಬೇಡ, ತುಂಬಾ ಜನರಿಗೆ ಹೀಗಾಗುತ್ತದೆ. ಸ್ಲೀವ್‌ನಲ್ಲಿ ಜಠರದ ಸುಮಾರು 75-80% ಭಾಗ ತೆಗೆದುಬಿಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಅಲ್ಲೇ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಊಟದ ನೆನಪೇ ಆಗಿರಲಿಕ್ಕಿಲ್ಲ. ಆಮೇಲೆ ಹಸಿವು ನಿಧಾನಕ್ಕೆ ವಾಪಸ್ ಬರುತ್ತದೆ. ಹಸಿವಾಯಿತು ಅಂದಮಾತ್ರಕ್ಕೆ ಆಪರೇಷನ್ ಕೆಟ್ಟಿದೆ ಅಂತಲ್ಲ.

ಊಟವಾದ ಅರ್ಧ ಗಂಟೆಗೇ ಚಕ್ಕುಲಿ ಡಬ್ಬಿ ನೆನಪಾದರೆ ಅದು ಬಾಯಿ ಚಪಲ, ಹೊಟ್ಟೆ ಹಸಿವಲ್ಲ.

ನಿಜವಾಗಿ ಹಸಿದಾಗ ತಟ್ಟೆಯಲ್ಲಿ ಪ್ರೋಟೀನ್ ಮೊದಲು: ಮೊಟ್ಟೆ, ಮೀನು, ಪನೀರ್, ಗಟ್ಟಿ ಮೊಸರು, ಮೆತ್ತಗೆ ಬೇಯಿಸಿದ ಕಾಳು. ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ತಿಳಿಸಾರು ಅನ್ನ ಸುಮ್ನೆ ಜಾರಿಹೋಗುತ್ತದೆ, ಬೇಗ ಹಸಿವಾಗುತ್ತದೆ. ಊಟದ ಜೊತೆ ನೀರು ಕುಡಿಯಬೇಡಿ. ಮುಗಿದು ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ.

ಮುದ್ದೆ ಪ್ರಿಯರಿಗೆ ಒಂದು ಕಷ್ಟ: ಅದನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ ಅಲ್ವಾ? ಈಗ ಆ ಅಭ್ಯಾಸ ಬಿಡಲೇಬೇಕು, ಇಲ್ಲದಿದ್ದರೆ ಎದೆಯಲ್ಲೇ ಸಿಕ್ಕಿಕೊಂಡಂತಾಗುತ್ತದೆ. ಬಿ12 ಮತ್ತಿತರ ವಿಟಮಿನ್ ಮಾತ್ರೆ ತಪ್ಪಿಸಬೇಡಿ. ಪದೇ ಪದೇ ವಾಂತಿಯಾದರೆ ಕಾಯದೆ ನಿಮ್ಮ ಸರ್ಜನ್‌ಗೆ ತೋರಿಸಿ.