ವಿದ್ಯಾರ್ಥಿಗಳ ಹೋರಾಟದಿಂದ ಬೆಟ್ಟದ ಗಣಿಗಾರಿಕೆ ನಿಲ್ಲುತ್ತದೆಯೇ?

ಅಮೆರಿಕದ ಅಪಲೇಶಿಯ ಬೆಟ್ಟಗಳಲ್ಲಿ ಕಲ್ಲಿದ್ದಲು ಗಣಿಗಾರಿಕೆಯ ವಿರುದ್ಧ ನಡೆದ ವಿದ್ಯಾರ್ಥಿ ಹೋರಾಟದ ಬಗ್ಗೆ ಓದಿದ ನೀವು, ಕಾಲೇಜು ಮಕ್ಕಳು ಘೋಷಣೆ ಕೂಗಿದರೆ ಗಣಿ ನಿಲ್ಲುತ್ತದೆಯೇ, ಚಿಕ್ಕಮಗಳೂರಿನಲ್ಲಿ ಓದುತ್ತಿರುವ ನಮ್ಮಂಥವರು ಏನು ಮಾಡಬಹುದು ಎಂದು ಕೇಳಿದ್ದೀರಿ. ಘೋಷಣೆಯೊಂದರಿಂದಲೇ ನಿಲ್ಲುವುದಿಲ್ಲ. ಸ್ಥಳಕ್ಕೆ ಹೋಗಿ ನೋಡಿ, ನೋಡಿದ್ದನ್ನು ಬರೆದಿಟ್ಟು, ಗಣಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಹುಡುಕಿದಾಗ ಮಾತ್ರ ವಿದ್ಯಾರ್ಥಿಗಳ ಮಾತಿಗೆ ತೂಕ ಬರುತ್ತದೆ ಎಂಬುದು ನನ್ನ ಅನುಭವ.

ಅಪಲೇಶಿಯದಲ್ಲಿ ಸುರಂಗ ತೋಡುವ ಬದಲು ಬೆಟ್ಟದ ನೆತ್ತಿಯನ್ನೇ ಸಿಡಿಮದ್ದಿನಿಂದ ಸಿಡಿಸಿ ಕಲ್ಲಿದ್ದಲಿನ ಪದರವನ್ನು ಹೊರತೆಗೆಯುತ್ತಾರೆ. ಮಿಕ್ಕ ಕಲ್ಲುಮಣ್ಣನ್ನು ಪಕ್ಕದ ಕಣಿವೆಗೆ ಸುರಿಯುತ್ತಾರೆ. ಹೀಗೆ ಮುಚ್ಚಿಹೋದ ಹಳ್ಳಗಳ ಉದ್ದ ಸುಮಾರು 3,200 ಕಿಲೋಮೀಟರ್ ಎಂದು ಆ ದೇಶದ ಪರಿಸರ ಇಲಾಖೆಯೇ ಅಂದಾಜು ಮಾಡಿದೆ. ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಆ ಬೆಟ್ಟಗಳನ್ನು ನೋಡಿ ಬಂದು, ತಮ್ಮ ಕಾಲೇಜಿನ ನಿಧಿಯನ್ನು ಇಂಥ ಇಂಧನ ಕಂಪನಿಗಳಲ್ಲಿ ಹೂಡಬಾರದು ಎಂದು 2011ರ ಹೊತ್ತಿಗೆ ಒತ್ತಾಯಿಸತೊಡಗಿದರು. 2015ರಲ್ಲಿ ಒಂದು ತಿಂಗಳಿಗೂ ಮಿಕ್ಕಿ ಧರಣಿ ಕುಳಿತರೂ ಆಡಳಿತ ಮಂಡಳಿ ಒಪ್ಪಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ನೂರಾರು ಕಾಲೇಜುಗಳಿಗೆ ಹಬ್ಬಿ, ವರ್ಷಗಟ್ಟಲೆ ಜಗ್ಗದಿದ್ದ ಹಾರ್ವರ್ಡ್ ಕೂಡ 2021ರಲ್ಲಿ ಇಂಥ ಹೂಡಿಕೆಯನ್ನು ಕೊನೆಗೊಳಿಸುವುದಾಗಿ ಹೇಳಿತು. ಅವರ ಹೋರಾಟ ಸೋತಿತು ಎಂದು ನಾನು ಒಪ್ಪುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕಲ್ಲಿದ್ದಲು ಇಲ್ಲ, ಕಬ್ಬಿಣದ ಅದಿರಿತ್ತು. ಕುದುರೆಮುಖದ ಗಣಿ ಗುತ್ತಿಗೆಯ 30 ವರ್ಷಗಳ ಅವಧಿ 1999ರಲ್ಲಿ ಮುಗಿದು, ಅದನ್ನು ಮುಂದುವರಿಸಬೇಕೋ ಬೇಡವೋ ಎಂಬ ವಾದ ನಡೆಯುತ್ತಿದ್ದ ದಿನಗಳಲ್ಲಿ ನಾನು ಚಿಕ್ಕಮಗಳೂರಿನಲ್ಲಿ ಪದವಿ ಓದುತ್ತಿದ್ದೆ. ಮಳೆಗಾಲದ ಒಂದು ಭಾನುವಾರ ನಾವು ಐದು ಜನ ಬಸ್ಸಿನಲ್ಲಿ ಬಾಳೆಹೊನ್ನೂರಿಗೆ ಹೋಗಿ, ಭದ್ರಾ ನದಿಯ ನೀರನ್ನು ಗಾಜಿನ ಬಾಟಲಿಗಳಲ್ಲಿ ತುಂಬಿಕೊಂಡೆವು. ಗಣಿಯ ಕಡೆಯಿಂದ ಬಾರದ ಒಂದು ಹಳ್ಳದ ನೀರನ್ನೂ ತಂದೆವು. ಹಾಸ್ಟೆಲಿನ ಕಿಟಕಿಯ ಮೇಲೆ ಸಾಲಾಗಿ ಇಟ್ಟ ಬಾಟಲಿಗಳನ್ನು ಬೆಳಿಗ್ಗೆ ನೋಡಿದಾಗ ಹಳ್ಳದ ನೀರಿನ ತಳದಲ್ಲಿ ತೆಳ್ಳಗೆ ಗಸಿಯಿತ್ತು, ಭದ್ರೆಯದರಲ್ಲಿ ಎರಡು ಬೆರಳಿನಷ್ಟು ಕೆಂಪು ಹೂಳು ಕುಳಿತಿತ್ತು. ಅದು ವಿಜ್ಞಾನದ ಪರೀಕ್ಷೆಯಲ್ಲ, ನಮಗೂ ಗೊತ್ತಿತ್ತು. ಆದರೂ ಸಹಿ ಸಂಗ್ರಹಕ್ಕೆ ಹೋದಲ್ಲೆಲ್ಲ ಜನ ನಮ್ಮ ಕರಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು, ಬಾಟಲಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕೆಳಗಿನ ಊರುಗಳ ರೈತರಿಗೆ ಆ ಬಣ್ಣ ಹೊಸದಲ್ಲ. ಗದ್ದೆಗೆ ನುಗ್ಗಿ ನಿಂತ ಹೂಳನ್ನು ಅವರು ಗುದ್ದಲಿಯಿಂದ ಎತ್ತಿದವರು.

ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟು, 2005ರ ಕೊನೆಯೊಳಗೆ ಗಣಿಗಾರಿಕೆ ನಿಲ್ಲಬೇಕೆಂದಿತು. ಅದು ನಮ್ಮ ಬಾಟಲಿಗಳಿಂದ ಬಂದ ತೀರ್ಪಲ್ಲ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ದುಡಿದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ನಡೆದ ಪ್ರಕರಣ, ಅದರ ಹಿಂದಿದ್ದ ದಾಖಲೆಗಳು, ವನ್ಯಜೀವಿ ತಜ್ಞರ ಅಧ್ಯಯನ ಮತ್ತು ನದಿಪಾತ್ರದ ಜನರ ಒತ್ತಾಯ ಇವೆಲ್ಲ ಕೂಡಿ ಬಂದದ್ದು. ನಾವು ವಿದ್ಯಾರ್ಥಿಗಳು ಆ ಒತ್ತಾಯದಲ್ಲಿ ಒಂದು ಸಣ್ಣ ಪಾಲು.

ಒಂದು ವಿಷಯದಲ್ಲಿ ನಾವು ತಪ್ಪಿದೆವು, ಅದನ್ನು ನಿಮಗೆ ಹೇಳಲೇಬೇಕು. ನಮ್ಮ ತರಗತಿಯ ಗೆಳೆಯನೊಬ್ಬನ ತಂದೆ ಅದೇ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ಸಹಿಯ ಹಾಳೆ ಹಿಡಿದು ಹೋದಾಗ ಅವನು, ‘ಗಣಿ ನಿಂತರೆ ನನ್ನ ತಂಗಿಯ ಫೀಸು ಯಾರು ಕಟ್ಟುತ್ತಾರೆ ಹೇಳು, ಸಹಿ ಹಾಕ್ತೀನಿ’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ, ಉತ್ತರ ಹುಡುಕುವ ಬದಲು ಮುಂದಿನ ಬೆಂಚಿಗೆ ಹೋದೆ. ಗಣಿ ನಿಂತ ಮೇಲೆ ಕಾರ್ಮಿಕರು ವಾಸವಿದ್ದ ಟೌನ್‌ಶಿಪ್ಪಿನ ಮನೆಗಳು ಒಂದೊಂದಾಗಿ ಖಾಲಿಯಾದುದನ್ನು ಕಂಡಾಗಲೆಲ್ಲ ಆ ಮಾತು ನೆನಪಾಗುತ್ತದೆ. ಗಣಿ ನಿಲ್ಲಬೇಕಿತ್ತು ಎಂಬ ನನ್ನ ನಿಲುವು ಬದಲಾಗಿಲ್ಲ. ಆದರೆ ಕಾರ್ಮಿಕರಿಗೆ ಬೇರೆ ಕೆಲಸ ಕೊಡಿ ಎಂಬ ಬೇಡಿಕೆ ನಮ್ಮ ಮನವಿಯ ಮೊದಲ ಸಾಲಿನಲ್ಲೇ ಇರಬೇಕಿತ್ತು.

ಈಗ ನಿಮ್ಮ ಕೈಯಲ್ಲಿ ನಮಗಿಲ್ಲದ ಸಾಧನಗಳಿವೆ. ನಿಮ್ಮೂರಿನ ಹತ್ತಿರ ಬೆಟ್ಟ ಅಗೆಯುವ ಕ್ವಾರಿಯಿದ್ದರೆ, ಅದರ ಗುತ್ತಿಗೆಯ ವಿಸ್ತೀರ್ಣ ಮತ್ತು ಅವಧಿಯನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ಹೊಸ ಯೋಜನೆಗೆ ಪರಿಸರ ಸಾರ್ವಜನಿಕ ವಿಚಾರಣೆ ನಡೆದರೆ ಲಿಖಿತ ಆಕ್ಷೇಪಣೆ ಕೊಟ್ಟು, ಅದು ನಡಾವಳಿಯಲ್ಲಿ ದಾಖಲಾಯಿತೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಅದಕ್ಕೂ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಆ ಕ್ವಾರಿಯಲ್ಲಿ ದುಡಿಯುವವರ ಮನೆಗಳಿಗೆ ಹೋಗಿ ಮಾತಾಡಿ ಬನ್ನಿ.