ಅಷ್ಟು ಕಡಿಮೆ ಮಳೆಗೆ ಯಾಕುಟಿಯಾದಲ್ಲಿ ಕಾಡು ಹೇಗೆ?

ಪ್ರಶ್ನೆ: ಸೈಬೀರಿಯಾದ ಯಾಕುಟಿಯಾದಲ್ಲಿ ಮಳೆ ತೀರಾ ಕಡಿಮೆ, ನೆಲವೂ ಹೆಪ್ಪುಗಟ್ಟಿರುತ್ತದೆ. ಹಾಗಿದ್ದೂ ಅಷ್ಟು ದೊಡ್ಡ ಕಾಡು ಹೇಗೆ? ಅಲ್ಲಿನ ಜೈವಿಕ, ಅಜೈವಿಕ ಘಟಕಗಳ ಪಟ್ಟಿ ಕೊಡಿ.

ಉತ್ತರ: ಪಟ್ಟಿ ಕೊಡುವುದಿಲ್ಲ. ಒಂದು ಕಡೆ ಮರ, ಪ್ರಾಣಿ, ಇನ್ನೊಂದು ಕಡೆ ಮಣ್ಣು, ನೀರು, ಬಿಸಿಲು ಅಂತ ಬರೆದುಕೊಡಿ ಎಂದು ಕೇಳುವವರು ಮುಗಿಯುವುದೇ ಇಲ್ಲ. ಪರೀಕ್ಷೆಗೆ ಅಷ್ಟು ಸಾಕು. ಕಾಡು ಅರ್ಥವಾಗಬೇಕಾದರೆ ಆ ಎರಡರ ನಡುವೆ ಏನು ನಡೆಯುತ್ತದೆ ಅಂತ ನೋಡಬೇಕು.

ಅಲ್ಲಿನ ರಾಜಧಾನಿ ಯಾಕುಟ್ಸ್ಕ್‌ನಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 240 ಮಿ.ಮೀ. ಬೇರೆ ಕಡೆ ಇಷ್ಟಕ್ಕೆ ಹುಲ್ಲು ಬೆಳೆದರೆ ಹೆಚ್ಚು. ಇಲ್ಲಿ ಲಾರ್ಚ್ ಅನ್ನುವ, ಚಳಿಗಾಲಕ್ಕೆ ಸೂಜಿಯಂಥ ಎಲೆ ಉದುರಿಸುವ ಮರಗಳ ಕಾಡೇ ಇದೆ. ನೀವು ಅಡ್ಡಿ ಅಂದುಕೊಂಡ ಆ ಹೆಪ್ಪುಗಟ್ಟಿದ ನೆಲ ಇದೆಯಲ್ಲ, ಪರ್ಮಾಫ್ರಾಸ್ಟ್, ಅದೇ ಈ ಕಾಡನ್ನು ಕಾಪಾಡುತ್ತಿರುವುದು. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗುತ್ತದೆ, ಅದರ ಕೆಳಗೆ ಇಂಗಿ ಹೋಗಲು ದಾರಿಯಿಲ್ಲದೆ ಹಿಮ ಕರಗಿದ ನೀರು, ಮಳೆ ನೀರು ಎರಡೂ ಬೇರಿಗೆ ಸಿಗುವ ಹಾಗೆ ಅಲ್ಲೇ ಉಳಿಯುತ್ತದೆ. ಲಾರ್ಚ್ ಬೇರೂ ಆಳಕ್ಕೆ ಇಳಿಯದೆ ಅಗಲಕ್ಕೆ ಹರಡುತ್ತದೆ.

ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ಆದರೆ ಆ ನೆಲ ಹೆಪ್ಪುಗಟ್ಟೇ ಉಳಿಯಲು ಕಾಡು ಬೇಕು! ಜನವರಿಯಲ್ಲಿ ಸರಾಸರಿ ಮೈನಸ್ 38 ಡಿಗ್ರಿ ಇರುವ ಊರಲ್ಲಿ ಜುಲೈ ಬಂತೆಂದರೆ ಕೆಲವು ದಿನ 30 ಡಿಗ್ರಿ ದಾಟುತ್ತದೆ. ಆ ಬಿಸಿಲು ಕೆಳಗಿನ ಮಂಜುಗಡ್ಡೆಗೆ ತಾಗದಂತೆ ತಡೆಯುವುದು ಮರದ ನೆರಳು, ಅದರಡಿ ಕಂಬಳಿ ಹೊದಿಸಿದಂತಿರುವ ಪಾಚಿ ಮತ್ತು ಉದುರಿದ ಎಲೆ. ಕಾಡು ತೆಗೆದರೆ ಏನಾಗುತ್ತದೆ ಅನ್ನುವುದಕ್ಕೆ ಯಾಕುಟಿಯಾದ ಬಟಗಾಯ್ ನೋಡಿ. 1960ರ ದಶಕದಲ್ಲಿ ಅಲ್ಲಿ ಮರ ಕಡಿದರು. ನೆಲದೊಳಗಿನ ಮಂಜುಗಡ್ಡೆ ಕರಗಿ ಮಣ್ಣು ಕುಸಿಯತೊಡಗಿತು, ಈಗ ಸುಮಾರು ಒಂದು ಕಿ.ಮೀ. ಉದ್ದದ ಕಮರಿಯಾಗಿದೆ, ಇನ್ನೂ ಬೆಳೆಯುತ್ತಲೇ ಇದೆ. ಸೈಬೀರಿಯಾ ಬೆಚ್ಚಗಾದರೆ ಗೋಧಿ ಬೆಳೆಯಬಹುದು, ಒಳ್ಳೆಯದೇ ಅಲ್ವಾ ಅಂತ ವಿಡಿಯೊ ಮಾಡುವವರು ಈ ಕಮರಿಯ ಚಿತ್ರವನ್ನಾದರೂ ನೋಡಿ ಮಾತಾಡಲಿ.

ಪ್ರಶ್ನೆ: ಬಿದ್ದು ಸತ್ತ ಮರ ಅಜೈವಿಕವೇ?

ಉತ್ತರ: ಅಲ್ಲ. ಜೀವಿಯಿಂದ ಬಂದದ್ದು, ಒಳಗೆ ಶಿಲೀಂಧ್ರ, ಹುಳ ತುಂಬಿಕೊಂಡಿವೆ.

ಪ್ರಶ್ನೆ: ಹಿಮದಡಿ ಸಿಕ್ಕ ಇಲಿಗಳು ಸಾಯುವುದಿಲ್ಲವೇ?

ಉತ್ತರ: ದಪ್ಪ ಹಿಮದ ಕೆಳಗೆ ಹೊರಗಿಗಿಂತ ತುಂಬಾ ಬೆಚ್ಚಗಿರುತ್ತದೆ. ಹಿಮ ಕಡಿಮೆ ಬಿದ್ದ ವರ್ಷವೇ ಅವಕ್ಕೆ ಕಷ್ಟ.

ಪ್ರಶ್ನೆ: ಸೈಬೀರಿಯಾದ ಬರ್ಚ್ ಮರದ ಚಾಗಾ ಪುಡಿ ಶುಗರ್, ಕ್ಯಾನ್ಸರ್ ಎರಡಕ್ಕೂ ಮದ್ದಂತೆ. ಅಪ್ಪನಿಗೆ ಕೊಡಲಾ?

ಉತ್ತರ: ಬೇಡ. ಚಾಗಾ ಅಂದರೆ ಬರ್ಚ್ ಮರವನ್ನು ಒಳಗಿಂದ ಕೊಳೆಸುವ ಶಿಲೀಂಧ್ರ. ಅದು ಮನುಷ್ಯರ ಕ್ಯಾನ್ಸರ್ ವಾಸಿ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ, ಮಾರುವವರು ಸುಮ್ನೆ ದುಡ್ಡು ಕೀಳುತ್ತಿದ್ದಾರೆ. ಅದರಲ್ಲಿ ಆಕ್ಸಲೇಟ್, ಅಂದರೆ ಕಿಡ್ನಿಯಲ್ಲಿ ಹರಳುಗಟ್ಟಬಲ್ಲ ವಸ್ತು, ಜಾಸ್ತಿ. ತಿಂಗಳುಗಟ್ಟಲೆ ತಿಂದು ಕಿಡ್ನಿ ಹಾಳಾದವರ ಬಗ್ಗೆ ವೈದ್ಯರು ವರದಿ ಮಾಡಿದ್ದಾರೆ. ಶುಗರ್ ಇರುವವರ ಕಿಡ್ನಿ ಮೊದಲೇ ಸೂಕ್ಷ್ಮ. ಈಗಾಗಲೇ ಕೊಟ್ಟಿದ್ದರೆ ನಿಲ್ಲಿಸಿ, ಡಾಕ್ಟರಿಗೆ ಮುಚ್ಚಿಡದೆ ಹೇಳಿ ಕಿಡ್ನಿ ಪರೀಕ್ಷೆ ಮಾಡಿಸಿ.