ಹುಬ್ಬಳ್ಳಿಯಿಂದ ಒಂದು ದಿನದ ಬಾದಾಮಿ: ಗೈಡ್ ಬೇಕೇ, ಏನೇನು ನೋಡಬೇಕು?

ಅಕ್ಕಾರ, ನಮಸ್ಕಾರ್ರೀ. ನೀವು ಕೇಳಿದ್ದು ಇಷ್ಟು: ಹುಬ್ಬಳ್ಳಿಯಿಂದ ಕಾರು ಬಾಡಿಗೆ ಹಿಡಿದು, ಮೊಣಕಾಲು ನೋವಿರುವ ಅಪ್ಪಾರನ್ನೂ ಇಬ್ಬರು ಮಕ್ಕಳನ್ನೂ ಕರಕೊಂಡು ಒಂದೇ ದಿನದಲ್ಲಿ ಬಾದಾಮಿ ಗುಹೆ, ಗುಡ್ಡದ ಬುಡದ ಹಳ್ಳಿ ನೋಡಿ ಬರಬೇಕು, ನಮಗಂತಲೇ ಗೈಡ್ ಮಾಡಿಕೊಂಡರೆ ರೊಕ್ಕ ದಂಡ ಆಗುತ್ತದೆಯೇ, ಅದೇ ದಿನ ಪಟ್ಟದಕಲ್ಲು, ಐಹೊಳೆ ಕೂಡ ಮುಗಿಯುತ್ತದೆಯೇ. ಮೇಲೆ ನಾಲ್ಕು ಮಂದಿ "ಆರಾಮ ಮುಗಿತದ" ಅಂತ ಬರೆದಿದ್ದಾರೆ. ನಾನು ಗದಗಿನವ. ಹತ್ತಿರ ಅಂತ ವರ್ಷಕ್ಕೆ ಎರಡು ಮೂರು ಸಲ ಬಾದಾಮಿಗೆ ಹೋಗುತ್ತೇನೆ. ನನ್ನ ಮಾತು ಬೇರೆ: ಮೂರೂ ಊರು ಹಾಕಿಕೊಳ್ಳಬೇಡ್ರಿ. ಬಾದಾಮಿ ಒಂದೇ ಇಟ್ಟುಕೊಳ್ರಿ, ಜೊತೆಗೆ ನಂದಿಕೇಶ್ವರ ಅನ್ನೋ ಹಳ್ಳಿ ಸೇರಿಸಿಕೊಳ್ರಿ, ಗೈಡ್ ಮಾತ್ರ ಬಿಡಬೇಡ್ರಿ.

ಯಾಕೆ ಅಂದರೆ, ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೂ ಮುಂದೆ. ದೂರ ಹೆಚ್ಚಲ್ಲ, ಖರೆ. ಆದರೆ ಪ್ರತಿ ಕಡೆ ಇಳಿ, ಟಿಕೆಟ್ ತಗೋ, ಬಿಸಿಲಿನಲ್ಲಿ ನಡಿ, ಮತ್ತೆ ಕಾರು ಹತ್ತು. ಮೂರನೇ ಊರಿಗೆ ಬರುವಷ್ಟರಲ್ಲಿ ಮಕ್ಕಳು ಕಾರಿನಿಂದ ಕೆಳಗೇ ಇಳಿಯೋದಿಲ್ಲ. ನನ್ನ ಅಣ್ಣನ ಮಕ್ಕಳನ್ನು ಹಾಗೆ ಓಡಿಸಿಕೊಂಡು ಹೋಗಿ ನಾನೇ ನೋಡಿದ್ದೇನೆ. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜಾಗ, ಅದಕ್ಕೆ ಬೇರೆ ದಿನವೇ ಕೊಡಬೇಕು. ಐಹೊಳೆಯನ್ನು ಆ ದಿನಕ್ಕೆ ಕೂಡಿಸಿಕೊಂಡರಾಯಿತು.

ಇನ್ನು ನಂದಿಕೇಶ್ವರ ಯಾಕೆ ಅಂತ ಕೇಳ್ತೀರಿ. ಬಾದಾಮಿಯ 3ನೇ ಗುಹೆಯನ್ನು ಚಾಲುಕ್ಯರ ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ಕೊರೆಸಿದ್ದು. ಶಕ ವರ್ಷ 500, ಕಾರ್ತಿಕ ಹುಣ್ಣಿಮೆ ಅಂತ ಅಲ್ಲಿಯ ಸಂಸ್ಕೃತ ಶಾಸನವೇ ಹೇಳುತ್ತದೆ. ಅಂದರೆ ಕ್ರಿ.ಶ. 578. ಅದರ ಹೊರಗೆ ಬಂಡೆಯ ಮೇಲೆ ಸಣ್ಣದೊಂದು ಕನ್ನಡ ಶಾಸನವೂ ಇದೆ. ಹೆಚ್ಚಿನ ಮಂದಿ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಅದನ್ನು ನೋಡುವುದಿಲ್ಲ. ಗುಹೆಗೆ ಅಲ್ಲಿ ಬಳಸಿದ ಮಾತು "ಕಲ್ಮನೆ". ಕಲ್ಲಿನ ಮನೆ, ಅಷ್ಟೇ. ಈ ಕಲ್ಮನೆಗೆ ಲಂಜಿಗೇಸರ ಅನ್ನೋ ಊರನ್ನು ಬಿಟ್ಟುಕೊಟ್ಟ ಸಂಗತಿ, ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಸಲ್ಲಬೇಕಾದ ಪಾಲು ಅದರಲ್ಲಿದೆ. ಆ ಲಂಜಿಗೇಸರವೇ ಇವತ್ತಿನ ನಂದಿಕೇಶ್ವರ ಅಂತ ಶಾಸನ ಓದಿದವರು ಗುರುತಿಸಿದ್ದಾರೆ. ಗುಡ್ಡದ ಆಚೆ ಮಗ್ಗುಲಿಗೆ, ಮಹಾಕೂಟದ ಗುಡಿಗಳ ಹತ್ತಿರ, ಇವತ್ತಿಗೂ ಮಂದಿ ಬದುಕುತ್ತಿರುವ ಊರು. ಬೆಳಗ್ಗೆ ಗುಹೆಯಲ್ಲಿ ಊರಿನ ಹೆಸರು ಓದಿ, ಮಧ್ಯಾಹ್ನ ಅದೇ ಊರಿನ ಓಣಿಯಲ್ಲಿ ನಡೆದು ಬರಬಹುದು. ಗುಹೆ ಬೇರೆ, ಹಳ್ಳಿ ಬೇರೆ ಅಂತ ಎರಡು ಪಟ್ಟಿ ಮಾಡುವ ಕೆಲಸವೇ ಇಲ್ಲ.

ಗೈಡ್ ಬೇಕಾಗುವುದು ಇಂಥದಕ್ಕೇ. ಹೋದ ಮಾಗಿಯಲ್ಲಿ ನಮ್ಮ ಜೊತೆ ಬಂದವರು ಆ ಬಂಡೆಯ ಹತ್ತಿರ ನಿಂತು ಮೊಬೈಲ್ ಬ್ಯಾಟರಿ ಹಚ್ಚಿ, ಬೆಳಕನ್ನು ನೇರ ಹಿಡಿಯದೆ ಬಂಡೆಗೆ ಹತ್ತಿ ಓರೆಯಾಗಿ ಹಿಡಿದರು. ಅಲ್ಲಿತನಕ ಗೀಚಿದ ಗೆರೆಯಂತೆ ಕಾಣುತ್ತಿದ್ದದ್ದು ನೆರಳು ಬಿದ್ದು ಅಕ್ಷರವಾಗಿ ಎದ್ದು ಬಂತು. ಬಂಡೆಗೆ ಕೈ ಹಚ್ಚಗೊಡಲಿಲ್ಲ, ಗಾಳಿಯಲ್ಲೇ ಬೆರಳಾಡಿಸಿ ಒಂದೊಂದೇ ಅಕ್ಷರ ತೋರಿಸಿದರು. ಏಳನೇ ಇಯತ್ತೆ ಓದುವ ನನ್ನ ಮಗಳು ಕ, ಲ, ಮ ಅಂತ ಕೂಡಿಸಿಕೊಂಡು "ಕಲ್ಮನೆ" ಅಂದಾಗ ಆಕೆಯ ಮುಖ ನೋಡಬೇಕಿತ್ತು. ಹದಿನಾಲ್ಕು ನೂರು ವರ್ಷದ ಹಿಂದಿನ ಮಾತು, ತಾನು ಮನೆಯಲ್ಲಿ ಆಡುವ ಮಾತೇ.

ಆದರೆ ಎಲ್ಲ ಗೈಡೂ ಹೀಗೆ ಸಿಗುವುದಿಲ್ಲ. ಅದಕ್ಕೂ ಮೊದಲು ಒಂದು ಸಲ ಕಾರಿನವರೇ ಗೊತ್ತು ಮಾಡಿಕೊಟ್ಟವರನ್ನು ಕರಕೊಂಡು ಹೋಗಿದ್ದೆವು. ನಾಲ್ಕು ಗುಹೆಯನ್ನು ನಲವತ್ತು ನಿಮಿಷದಲ್ಲಿ ಮುಗಿಸಿ, ಬಾಯಿಪಾಠದ ಇಂಗ್ಲಿಷ್ ಹೇಳಿ, ಕೊನೆಗೆ ಒಂದು ಅಂಗಡಿಗೆ ಕರೆದೊಯ್ದು ಕೂಡಿಸಿದರು. ಅಲ್ಲಿಂದ ಕಲಿತದ್ದು ಹೇಳುತ್ತೇನೆ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದ್ದವರನ್ನೇ ಕೇಳ್ರಿ. ಹಿಂದಿನ ದಿನವೇ ಫೋನಿನಲ್ಲಿ ಮಾತಾಡ್ರಿ, ಕನ್ನಡದಲ್ಲೇ ಹೇಳಬೇಕು ಅಂತ ಮೊದಲೇ ತಿಳಿಸ್ರಿ. "3ನೇ ಗುಹೆಯ ಕನ್ನಡ ಶಾಸನ ತೋರಸ್ತೀರೇನ್ರಿ? ಕಪ್ಪೆ ಅರಭಟ್ಟನ ಶಾಸನದ ತನಕ ನಡಿಯೋಣೇನ್ರಿ?" ಅಂತ ಎರಡೇ ಪ್ರಶ್ನೆ ಹಾಕ್ರಿ, ಆಸಾಮಿ ಹೆಂಗ ಅಂತ ಗೊತ್ತಾಗುತ್ತದೆ. ಗುಹೆಗಷ್ಟೇ ಬರುತ್ತಾರೋ, ಹಳ್ಳಿಗೂ ಕಾರಿನಲ್ಲಿ ಬಂದು ಸಂಜೆ ತನಕ ಇರುತ್ತಾರೋ ಅನ್ನೋದನ್ನೂ ರೊಕ್ಕವನ್ನೂ ಒಂದೇ ಮಾತಿನಲ್ಲಿ ಮುಗಿಸಿಕೊಳ್ರಿ. ಅಂಗಡಿಗೆ ಹೋಗುವುದಿಲ್ಲ ಅಂತಲೂ ಆಗಲೇ ಹೇಳಿಬಿಡ್ರಿ, ಅವರಿಗೆ ಬೇಜಾರಾಗುವುದಿಲ್ಲ. ಇಡೀ ದಿನ ಇದ್ದವರಿಗೆ ಊಟ ನಿಮ್ಮ ಜೊತೆಗೇ ಆಗಲಿ.

ಈಗ ದಿನದ ಲೆಕ್ಕ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೇಲೆ ಬಾದಾಮಿ ಹೆಚ್ಚುಕಡಿಮೆ 105 ಕಿಲೋಮೀಟರ್, ಎರಡೂವರೆ ತಾಸು ಹಿಡಿಯುತ್ತದೆ. ಬೆಳಗ್ಗೆ ಆರಕ್ಕೆ ಬಿಟ್ಟುಬಿಡ್ರಿ. ನಾಷ್ಟಾ ದಾರಿಯಲ್ಲೇ ಮುಗಿಸ್ರಿ, ಬಾದಾಮಿಗೆ ಬಂದು ನಾಷ್ಟಾಕ್ಕೆ ಕೂತರೆ ಒಂದು ತಾಸು ಅಲ್ಲೇ ಹೋಗುತ್ತದೆ. ಗುಹೆಯ ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಚಳಿಗಾಲದಲ್ಲಿ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ಬರುತ್ತವೆ, ಆಮೇಲೆ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಅಪ್ಪಾರ ವಿಷಯ. ನಾಲ್ಕೂ ಗುಹೆ ಹತ್ತಬೇಕಾದರೆ ಸುಮಾರು ಇನ್ನೂರು ಮೆಟ್ಟಿಲು, ಅದರಲ್ಲಿ ಕೆಲವು ಮೊಣಕಾಲೆತ್ತರ. 1ನೇ ಗುಹೆಯ ತನಕ ನಿಧಾನವಾಗಿ ಹತ್ತಿಸ್ರಿ. ಹದಿನೆಂಟು ಕೈಯ ನಟರಾಜ ಅಲ್ಲೇ ಹೊರಗಿನ ಬಂಡೆಯಲ್ಲಿದ್ದಾನೆ, ಅದನ್ನು ನೋಡಿದರೆ ಬಂದದ್ದು ಸಾರ್ಥಕ. ಮುಂದಕ್ಕೆ ಹತ್ತುವುದೋ ಬಿಡುವುದೋ ಅವರ ಕಾಲು ಹೇಳಿದಂತೆ ಆಗಲಿ, ಯಾರೂ ಒತ್ತಾಯ ಮಾಡಬೇಡ್ರಿ. ಇಳಿಯುವುದೇ ಮೊಣಕಾಲಿಗೆ ಕಷ್ಟ, ಒಂದು ಬಡಿಗೆ ಇಟ್ಟುಕೊಳ್ರಿ. ಮಕ್ಕಳಿಗೆ 2ನೇ ಗುಹೆಯ ಛಾವಣಿಯಲ್ಲಿ ಚಕ್ರದ ಹಾಗೆ ಕೂಡಿಸಿದ ಮೀನುಗಳನ್ನು ಎಣಿಸಲು ಹಚ್ಚಿರಿ. 3ನೆಯದರಲ್ಲಿ ಶೇಷನ ಮೇಲೆ ಕೂತ ವಿಷ್ಣು, ತ್ರಿವಿಕ್ರಮ, ನರಸಿಂಹ ಎಲ್ಲ ಆಳೆತ್ತರ ಮೀರಿದವು. ತಲೆ ಎತ್ತಿದರೆ ಛಾವಣಿಯಂಚಿನಲ್ಲಿ ಹಳೆಯ ಬಣ್ಣದ ಚಿತ್ರದ ಗುರುತೂ ಕಾಣುತ್ತದೆ. 4ನೆಯದು ಜೈನರದು, ಚಿಕ್ಕದು. ಕಾಲಿಗೆ ಬಳ್ಳಿ ಹಬ್ಬಿಸಿಕೊಂಡು ನಿಂತ ಬಾಹುಬಲಿಯನ್ನು ನೋಡಿ, ಅಲ್ಲೇ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತು ಕೆಳಗಿನ ಅಗಸ್ತ್ಯ ತೀರ್ಥದ ಹೊಂಡ ನೋಡ್ರಿ. 2 ಮತ್ತು 3ರ ನಡುವೆ ಗುಡ್ಡದ ಕೋಟೆಗೆ ಹತ್ತುವ ಬಾಗಿಲಿಗೆ ಬೀಗ ಇರುತ್ತದೆ. ಯಾರಾದರೂ ಬೇರೆ ದಾರಿ ತೋರಿಸುತ್ತೇವೆ ಅಂದರೆ ಹೋಗಬೇಡ್ರಿ.

ಮಂಗ್ಯಾನ ಕಾಟ ಬಾದಾಮಿಯಲ್ಲಿ ಭಾಳ. ಪ್ಲಾಸ್ಟಿಕ್ ಚೀಲದ ಸಪ್ಪಳ ಆದರೆ ಸಾಕು, ತಿನ್ನುವುದು ಅಂತ ಬಂದು ಕಸಿದುಕೊಂಡು ಹೋಗುತ್ತವೆ. ಬಾಳೆಹಣ್ಣು, ಬಿಸ್ಕೀಟು ಕಾರಿನಲ್ಲೇ ಇರಲಿ, ನೀರಿನ ಬಾಟಲಿ ಬಟ್ಟೆ ಚೀಲದಲ್ಲಿ ಮುಚ್ಚಿಟ್ಟುಕೊಳ್ರಿ. ಮಕ್ಕಳು ಹೆದರಿ ಓಡಿದರೆ ಬೆನ್ನು ಹತ್ತುತ್ತವೆ, ಕೈಯಲ್ಲಿದ್ದದ್ದು ಕೆಳಗಿಟ್ಟು ಸುಮ್ಮನೆ ನಿಲ್ಲಲು ಹೇಳ್ರಿ. ಬಂಡೆಯ ಮೇಲೆ ಹೆಜ್ಜೇನು ಕಂಡರೆ ಅತ್ತ ಕಡೆ ಚೀರಾಡುವುದು, ಕಲ್ಲೆಸೆಯುವುದು ಬೇಡವೇ ಬೇಡ.

ಗುಹೆ ಇಳಿದ ಮೇಲೆ ಹೊಂಡದ ಆಚೆ ದಂಡೆಗೆ ನಡೆಯಲು ಅವಸರ ಮಾಡಬೇಡ್ರಿ. ಭೂತನಾಥ ಗುಡಿಯನ್ನು ಸಂಜೆಗೆ ಇಟ್ಟುಕೊಳ್ರಿ, ಅದು ಪಡುವಣಕ್ಕೆ ಮುಖ ಮಾಡಿದೆ. ವಸ್ತುಸಂಗ್ರಹಾಲಯ ನೋಡುವುದಾದರೆ ಈಗಲೇ ನೋಡ್ರಿ. ಶುಕ್ರವಾರ ಅದಕ್ಕೆ ರಜೆ, ಅದನ್ನು ಬಿಟ್ಟು ಬೇರೆ ದಿನ ಹೋಗ್ರಿ.

ಊಟಕ್ಕೆ ಹೋಟೆಲ್ ಹುಡುಕಬೇಡ್ರಿ. ಐದು ಕಿಲೋಮೀಟರಿನ ಮೇಲೆ ಬನಶಂಕರಿ. ದೇವಿಯ ದರ್ಶನ ಮಾಡಿಕೊಂಡು ಹೊರಗೆ ಬಂದರೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬುಟ್ಟಿಯ ಮೇಲಿನ ಬಿಳಿ ಅರಿವೆ ಸರಿಸಿದರೆ ಕಟಿ ರೊಟ್ಟಿ, ಮೆತ್ತನ್ನ ರೊಟ್ಟಿ ಬೇರೆ ಬೇರೆ ಥಾಕು. ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಚಟ್ನಿ, ಕೆಂಪು ಖಾರ, ಸಣ್ಣ ಗಡಿಗೆಯಲ್ಲಿ ಗಟ್ಟಿ ಮೊಸರು. ಮರದ ನೆರಳಿಗೆ ಕೂತು ಉಣ್ರಿ. ಮಕ್ಕಳಿಗೆ ಖಾರ ತಗ್ಗಿಸಿ ಮೊಸರು ಹೆಚ್ಚು ಹಾಕಲು ಹೇಳಿದರೆ "ಉಣ್ಣವಾ ತಂಗಿ" ಅಂತ ತಾವೇ ಕಲಸಿಕೊಡುತ್ತಾರೆ. ಚೌಕಾಸಿ ಮಾಡಬೇಡ್ರಿ. ಆ ರೊಟ್ಟಿ ಬಡಿಯಲು ಅವರು ನಸುಕಿನಲ್ಲೇ ಎದ್ದಿರುತ್ತಾರೆ. ಜನವರಿ ಆಸುಪಾಸಿನ ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಮಾತ್ರ ಈ ಪ್ಲಾನ್ ಬೇಡ, ಕಾರು ಒಳಗೆ ಹೋಗುವುದೇ ಕಷ್ಟ.

ಊಟ ಆದ ಮೇಲೆ ಮಹಾಕೂಟ. ಬಾದಾಮಿಯಿಂದ ಗುಡ್ಡ ದಾಟುವ ಹಳೆಯ ಕಾಲುದಾರಿ ಇದೆ, ಚಾರಣದವರಿಗೆ ಭಾಳ ಚಲೋ, ನಿಮ್ಮ ಮನೆಯವರಿಗೆ ಅಲ್ಲ. ನೀವು ಕಾರಿನಲ್ಲೇ ಸುತ್ತುಹಾಕಿ ಹೋಗ್ರಿ. ದೊಡ್ಡ ದೊಡ್ಡ ಮರಗಳ ನೆರಳು, ನಡುವೆ ಬುಗ್ಗೆ ನೀರಿನ ಪುಷ್ಕರಣಿ, ಹೊಂಡದೊಳಗೇ ಪುಟ್ಟ ಮಂಟಪದಲ್ಲಿ ಲಿಂಗ. ಮಕ್ಕಳು ನೀರು ಕಂಡರೆ ಕೇಳುವುದಿಲ್ಲ, ಒಂದು ಜೊತೆ ಅರಿವೆ ಹೆಚ್ಚಿಗೆ ಇರಲಿ. ಅಪ್ಪಾರು ಕಟ್ಟೆಯ ಮೇಲೆ ಎಷ್ಟು ಹೊತ್ತಾದರೂ ಆರಾಮ ಕೂಡಬಹುದು.

ಅಲ್ಲಿಂದ ನಂದಿಕೇಶ್ವರ ಹತ್ತಿರ. ಊರ ಹೊರಗೇ ಕಾರು ನಿಲ್ಲಿಸ್ರಿ. ಓಣಿ ಇಕ್ಕಟ್ಟು, ಕಟ್ಟೆಯ ಮೇಲೆ ಕೂತ ಹಿರಿಯರು ಎದ್ದು ಜಾಗ ಬಿಡಬೇಕಾಗುತ್ತದೆ. ಗೈಡ್ ಮುಂದೆ ಹೋಗಿ ಮಾತಾಡಿಸಲಿ, ನೀವು ನಮಸ್ಕಾರ ಮಾಡ್ರಿ, ಯಾವೂರು ಏನು ಅಂತ ಅವರೇ ಕೇಳುತ್ತಾರೆ. ಕಲ್ಲು ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಹಳೆ ಮನೆ ಕಂಡರೆ ಒಳಗೆ ಇಣುಕಿ ಫೋಟೋ ಹೊಡೆಯಬೇಡ್ರಿ. "ಒಳಗ ಬರಬಹುದೇನ್ರಿ?" ಅಂದರೆ ಕರೆಯುತ್ತಾರೆ. ನಮ್ಮನ್ನು ಕರೆದ ಒಬ್ಬ ಅಜ್ಜಿಯ ಮನೆಯಲ್ಲಿ ತಲಬಾಗಿಲು ದಾಟುತ್ತಲೇ ತಣ್ಣಗೆ. ಎಡಕ್ಕೆ ಎರಡು ಎತ್ತು, ಒಂದು ಮೆಟ್ಟಿಲು ಮೇಲೆ ಪಡಸಾಲಿ, ಬೆಳಕಿಂಡಿಯಿಂದ ತಾಟಿನಷ್ಟಗಲ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅದರಲ್ಲಿ ಅಜ್ಜಿ ಜೋಳ ಹರವಿಕೊಂಡು ಹಸನು ಮಾಡುತ್ತಿದ್ದರು. ಬಿಸಿಲು ಸರಿದಂತೆ ಮೊರ ಹಿಡಿದು ತಾವೂ ಸರಿಯುತ್ತಿದ್ದರು. ಮಗಳು ಕಂಬಕ್ಕೆ ಕೈ ಹಚ್ಚಿ "ಇದೂ ಕಲ್ಮನೆನಾ ಅಪ್ಪಾ?" ಅಂದಳು. ಅಜ್ಜಿಗೆ ಬಂಡೆಯ ಮೇಲಿನ ಮಾತು ತಿಳಿಸಿ ಹೇಳಿದೆವು. ಪೂರ್ತಿ ಕೇಳಿ, "ಹಂಗಂದ್ರ ನಮ್ಮೂರು ದೇವರಿಗೆ ಕೊಟ್ಟ ಊರು ಅನ್ನು" ಅಂದರು. ಹೋಗುವಾಗ ಕೈಯಲ್ಲಿ ರೊಕ್ಕ ಹಿಡಿದು ನಿಲ್ಲಬೇಡ್ರಿ, ನೊಂದುಕೊಳ್ಳುತ್ತಾರೆ. ಒಂದು ಪಾವು ಫೇಡೆ ಒಯ್ದಿರ್ರಿ, ಧಾರವಾಡ ಕಡೆಯವರು ಅಂದ ಮೇಲೆ ಅದೇ ಚಂದ.

ಮನೆಯವರಿಗೆ ಕುಪ್ಪಸದ ಖಣ ಬೇಕಿದ್ದರೆ ಮಹಾಕೂಟದಿಂದ ಗುಳೇದಗುಡ್ಡಕ್ಕೆ ಹೋಗಬಹುದು, ಕುಣಿಮಗ್ಗದಲ್ಲಿ ನೇಯುವುದನ್ನೂ ನೋಡಬಹುದು. ಆದರೆ ಆಗ ಭೂತನಾಥನ ಸಂಜೆ ತಪ್ಪುತ್ತದೆ. ನಾನಾಗಿದ್ದರೆ ಸಂಜೆಯನ್ನು ಬಿಡುವುದಿಲ್ಲ. ಐದಕ್ಕೆ ಬಾದಾಮಿಗೆ ತಿರುಗಿ ಬಂದರೆ ಹೊಂಡದ ದಂಡೆಯ ದಾರಿ ಸಮತಟ್ಟು, ಅಪ್ಪಾರೂ ನಡೆಯಬಹುದು. ಗಟ್ಟಿ ಕಾಲಿನವರು ತಟ್ಟುಕೋಟೆಯ ಹತ್ತಿರ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ನೋಡಿ ಬರಲಿ. ಶಾಲೆಯಲ್ಲಿ ಕಲಿತ "ಸಾಧುಗೆ ಸಾಧು" ಇದೇ. ಕನ್ನಡದ ಮೊದಲ ತ್ರಿಪದಿ ಸಿಗುವುದು ಈ ಬಂಡೆಯ ಮೇಲೆ.

ಮೇಲೆ ಒಬ್ಬರು ಸಿಡ್ಲಫಡಿ ಸೇರಿಸಿ ಅಂದಿದ್ದಾರೆ. ಆದಿಮಾನವರು ಬರೆದ ಕೆಂಪು ಚಿತ್ರಗಳಿರುವ ಬಂಡೆಯಾಸರೆ ಅದು, ನನಗೂ ಇಷ್ಟದ ಜಾಗ. ಆದರೆ ನೆರಳಿಲ್ಲದ ಬಂಡೆಯ ದಾರಿ, ಹೋಗಿ ಬರಲು ಅರ್ಧ ದಿನ ಬೇಕು, ದಾರಿ ಬಲ್ಲವರಿಲ್ಲದೆ ಹೋಗುವಂಥದ್ದಲ್ಲ. ಇನ್ನೊಬ್ಬರು ಕಪ್ಪತಗುಡ್ಡ ಅಂದಿದ್ದಾರೆ. ಅದು ನಮ್ಮ ಗುಡ್ಡ, ಹೆಮ್ಮೆ ಇದೆ, 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡು, ಮಳೆಗಾಲದ ಕೊನೆಗೆ ಡಂಬಳದ ದೊಡ್ಡಬಸಪ್ಪನ ಗುಡಿ ಕೂಡಿಸಿಕೊಂಡು ಬರ್ರಿ, ಆ ದಿನ ನಾನೇ ಜೊತೆಗೆ ಬರುತ್ತೇನೆ.

ಕಾರಿನ ಬಾಡಿಗೆ: ಹೋಗಿ ಬರುವುದು 210, ಒಳಗಿನ ಸುತ್ತಾಟ ಸೇರಿ 260ರ ಆಸುಪಾಸು ಹಿಡೀರಿ. ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಮಾತಾಡುವಾಗ ಆ ಲೆಕ್ಕದ ಮೇಲೆಯೇ ಮಾತಾಡ್ರಿ. ಪಾರ್ಕಿಂಗ್, ಡ್ರೈವರ್ ಭತ್ತೆ ಒಳಗೋ ಹೊರಗೋ ಅಂತ ವಾಟ್ಸ್ಯಾಪ್‌ನಲ್ಲಿ ಬರೆಸಿಕೊಳ್ರಿ. ನವೆಂಬರ್‌ನಿಂದ ಫೆಬ್ರುವರಿ ಹೊತ್ತು ಚಲೋ. ಮಾರ್ಚ್ ದಾಟಿದರೆ ಕಲ್ಲು ಕಾದ ಹಂಚಿನಂತಾಗುತ್ತದೆ, ಅಪ್ಪಾರನ್ನು ಕರೆತರಬೇಡ್ರಿ. ಜೋರು ಮಳೆಯಾದ ಮರುದಿನ ಬಂದರೆ ಹೊಂಡದ ಮೇಲಿನ ಬಂಡೆಯಿಂದ ಅಕ್ಕ-ತಂಗಿ ಜೋಡಿ ಧಾರೆ ಬೀಳುವುದು ಕಾಣುತ್ತದೆ, ಆದರೆ ಮೆಟ್ಟಿಲು ಜಾರುತ್ತವೆ.

ಹೊತ್ತು ಮುಳುಗಿ ಬೆಳಕು ಆರಿದ ಕೂಡಲೇ ಹೊರಟರೆ ರಾತ್ರಿ ಒಂಬತ್ತೂವರೆಯೊಳಗೆ ಹುಬ್ಬಳ್ಳಿ. ಡ್ರೈವರ್ ನಸುಕಿನಿಂದ ಎದ್ದವರು, ಬನಶಂಕರಿಯಲ್ಲಿ ಅವರನ್ನೂ ಕೂಡಿಸಿಕೊಂಡು ಉಣ್ರಿ, ನೀವು ಮಹಾಕೂಟ ನೋಡುವಾಗ ಒಂದು ತಾಸು ಮಲಗಲಿ. ಕುಳಗೇರಿ ಕ್ರಾಸ್‌ನಲ್ಲಿ ಚಹಾಕ್ಕೆ ನಿಲ್ಲಿಸ್ರಿ. ಯಾವ ವಾರ ಹೊರಡುತ್ತೀರಿ ಅಂತ ಇಲ್ಲೇ ತಿಳಿಸಿದರೆ, ನಮಗೆ ಶಾಸನ ತೋರಿಸಿದವರನ್ನು ಕೇಳಿ ಅವರು ಆ ದಿನ ಬಿಡುವಿದ್ದಾರೋ ಇಲ್ಲವೋ ಹೇಳುತ್ತೇನೆ.